ಐದು ನಿಮಿಷದ ಮಹಾಯುದ್ಧ

ಯಾರದೋ ದವಡೆ ಹಲ್ಲು ಊದಿಕೊಂಡದ್ದಕ್ಕೆ ನಮ್ಮ ಮೇಷ್ಟ್ರು ಯುದ್ಧಕ್ಕೆ ಹೊರಡಬೇಕಾಯಿತು.

ಆ ಹಲ್ಲಿನ ಒಡೆಯರು ಟೀವಿಯಲ್ಲಿ ಆಗಾಗ ಕಾಣಿಸಿಕೊಳ್ಳುವ ದೊಡ್ಡ ಯುದ್ಧತಜ್ಞರು. ಆ ದಿನ ಸಂಜೆ ಆರು ಗಂಟೆಯ ಚರ್ಚೆಗೆ ಅವರು ಬರಬೇಕಿತ್ತು. ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡರೆ ಒಂದು ಕೆನ್ನೆ ಪೂರಿಯಂತಾಗಿತ್ತಂತೆ. ಚಾನೆಲ್ಲಿನವರು ಗಾಬರಿಯಾಗಿ ಅಲ್ಲಿ ಇಲ್ಲಿ ವಿಚಾರಿಸಿದರು. ಯಾರೋ ಪುಣ್ಯಾತ್ಮರು ಮೇಷ್ಟ್ರ ಫೋನ್ ನಂಬರು ಕೊಟ್ಟರು.

"ಸಾರ್, ಹಳೇ ಕಾಲದ ಯುದ್ಧನೀತಿ ಈ ಕಾಲದ ಯುದ್ಧಕ್ಕೆ ನಡೆಯುತ್ತಾ ಇಲ್ವಾ ಅನ್ನೋದು ವಿಷಯ," ಎಂದಳು ಕಾರ್ಯಕ್ರಮ ನಡೆಸುವ ಹುಡುಗಿ. "ನೀವು ನಡೆಯುತ್ತೆ ಅನ್ನಬೇಕು. ನಿಮ್ಮ ಎದುರು ಒಬ್ಬರು ರಿಟೈರ್ಡ್ ಆಫೀಸರ್ ಇರ್ತಾರೆ. ಅವರು ನಡೆಯಲ್ಲ ಅಂತಾರೆ. ನಿಮಗೆ ಐದು ನಿಮಿಷ. ಮನೆಯಿಂದಲೇ ಲ್ಯಾಪ್‌ಟಾಪ್ ಮುಂದೆ ಕೂತರೆ ಸಾಕು. ಆಗುತ್ತಾ ಸಾರ್?"

ಆಗುತ್ತಾ ಅಂತ ಕೇಳುವುದೇ! ತಲೆಗೂದಲು ಕಪ್ಪಗಿದ್ದಾಗಿನಿಂದ ಕಾಲೇಜಿನಲ್ಲಿ ಯುದ್ಧಶಾಸ್ತ್ರ ಪಾಠ ಮಾಡಿಕೊಂಡು ಬಂದವರು ನಮ್ಮ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಹೇಳುವವರನ್ನು ಯಾರೂ ಮೇಷ್ಟ್ರು ಅನ್ನುವುದಿಲ್ಲ, ನಿಜ. ಆದರೆ ಇವರನ್ನು ನೋಡಿದರೆ ಬೇರೆ ಏನೂ ಬಾಯಿಗೆ ಬರುವುದಿಲ್ಲ. ಪ್ರಿನ್ಸಿಪಾಲರು ಕೂಡ ಮೇಷ್ಟ್ರೇ ಎಂದೇ ಕರೆಯುವುದು. ಯುದ್ಧವನ್ನು ಅವರು ಕಣ್ಣಾರೆ ಕಂಡವರಲ್ಲ, ಪಟಾಕಿ ಸದ್ದಿಗೂ ಕಿವಿ ಮುಚ್ಚಿಕೊಳ್ಳುವವರು. ಆದರೂ ಯಾವ ಸೇನೆ ಯಾವ ಹೊಳೆ ದಾಟುವಾಗ ಎಲ್ಲಿ ಎಡವಿತು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಅಂಥವರೊಬ್ಬರು ನಮ್ಮ ಕಟ್ಟಡದಲ್ಲಿ ಇದ್ದಾರೆ ಅನ್ನುವುದು ನಮಗೆಲ್ಲ ಹೆಮ್ಮೆ.

ಫೋನ್ ಇಟ್ಟವರೇ ಪ್ರಿನ್ಸಿಪಾಲರಿಗೆ ಕರೆ ಮಾಡಿದರು. ಅದಕ್ಕೆ ಕಾರಣವಿತ್ತು. ಯುದ್ಧಶಾಸ್ತ್ರಕ್ಕೆ ಸೇರುವವರು ವರ್ಷ ವರ್ಷ ಕಡಿಮೆಯಾಗಿ ಈಗ ಮೂರು ಜನ ಉಳಿದಿದ್ದರು. ಅವರಲ್ಲಿ ಒಬ್ಬ ಆ ಕೊಠಡಿಯ ಫ್ಯಾನು ಚೆನ್ನಾಗಿ ತಿರುಗುತ್ತದೆ ಅಂತ ಬರುವವನು. ಹಿಂದಿನ ದಿನವೇ ಪ್ರಿನ್ಸಿಪಾಲರು ಕರೆದು, "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನಿಮ್ಮದು ಆನೆ ಕುದುರೆ ಕಾಲದ ಸರಕು. ಮುಂದಿನ ವರ್ಷದಿಂದ ಡ್ರೋನ್ ಹಾರಿಸೋ ಕೋರ್ಸ್ ಶುರು ಮಾಡೋಣ ಅಂತಿದೀನಿ," ಅಂದಿದ್ದರು. ಮೇಷ್ಟ್ರಿಗೆ ಅವತ್ತು ರಾತ್ರಿ ಊಟ ಸೇರಿರಲಿಲ್ಲ. ಸಂಬಳದ ಚಿಂತೆಯಲ್ಲ. ಪಾಠ ಹೇಳುವುದನ್ನು ಬಿಟ್ಟರೆ ತಾನು ಯಾರು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ.

"ಸಾರ್, ಸಂಜೆ ಆರು ಗಂಟೆಗೆ ಟೀವಿ ಹಾಕಿ. ಹಳೇ ಯುದ್ಧನೀತಿ ನಡೆಯಲ್ಲ ಅನ್ನೋ ಒಬ್ಬ ರಿಟೈರ್ಡ್ ಆಫೀಸರ್ ಎದುರಿಗೆ ನಾನಿರ್ತೀನಿ," ಎಂದರು ಮೇಷ್ಟ್ರು, ಧ್ವನಿಯನ್ನು ಆದಷ್ಟು ಗಂಭೀರ ಮಾಡಿಕೊಂಡು.

"ಹೌದಾ! ಪರವಾಗಿಲ್ವೇ! ಸರಿ, ಒಂದು ಮಾತು ಹೇಳ್ತೀನಿ. ಆ ಆಫೀಸರ್ ಬಾಯಿ ಮುಚ್ಚಿಸಿಬಿಡಿ, ನಿಮ್ಮ ಯುದ್ಧಶಾಸ್ತ್ರಕ್ಕೆ ನಾನು ಕೈ ಹಚ್ಚಲ್ಲ. ಮುಚ್ಚಿಸದೇ ಇದ್ರೆ ನೀವು ಡ್ರೋನ್ ಬ್ಯಾಟರಿ ಚಾರ್ಜ್ ಮಾಡ್ಕೊಂಡು ಕೂತ್ಕೋಬೇಕಾಗುತ್ತೆ, ನೋಡಿ."

ಮೇಷ್ಟ್ರು ಸೀದಾ ಹೋಗಿ ಕನ್ನಡಿ ಮುಂದೆ ನಿಂತರು.

"ಆಯುಧ ಬದಲಾಗಿದೆ ಸ್ವಾಮೀ, ಒಪ್ಪುತ್ತೇನೆ. ಆಯುಧ ಹಿಡಿದವನ ಹೊಟ್ಟೆ ಬದಲಾಗಿದೆಯೇ? ಅವನ ಭಯ ಬದಲಾಗಿದೆಯೇ? ಆಕಾಶದಲ್ಲಿ ಯಂತ್ರ ಹಾರಿಸುವವನು ನೆಲದ ಮೇಲೆ ಒಂದು ಕುರ್ಚಿಯಲ್ಲಿ ಕೂತಿರುತ್ತಾನೆ. ಅವನಿಗೆ ಊಟ ಬೇಕು, ನಿದ್ದೆ ಬೇಕು, ಯಂತ್ರಕ್ಕೆ ಕರೆಂಟು ಬೇಕು. ಅವನಿಗೆ ಮೇಲಿನವನ ಅಪ್ಪಣೆ ಬೇಕು, ಮೇಲಿನವನಿಗೆ ಅಹಂಕಾರ ಮೊದಲಿನಷ್ಟೇ ಇದೆ. ಹಿಂದಿನವರು ಬರೆದದ್ದು ಬಿಲ್ಲು ಬಾಣದ ಬಗ್ಗೆ ಅಲ್ಲ, ಅದನ್ನು ಹಿಡಿದ ಮನುಷ್ಯನ ಬಗ್ಗೆ!"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿಗೆ ಮೈ ಜುಂ ಎಂದಿತು. ಆಕೆ ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂತು ದಿನವೂ ನೂರಾರು ಜನರ ಮಾತು ಕೇಳುವವಳು. ಸುಮ್ಮನೆ ಯಾರನ್ನೂ ಹೊಗಳುವವಳಲ್ಲ.

"ಎಷ್ಟು ಚೆನ್ನಾಗಿ ಹೇಳಿದ್ರಿ ರೀ! ಇಷ್ಟು ವರ್ಷ ಮನೇಲಿ ಯಾಕೆ ಒಂದು ದಿನಾನೂ ಹೇಳ್ಲಿಲ್ಲ?"

"ಹೇಳ್ತಾನೇ ಇದ್ನಲ್ಲೇ!"

"ಕುಕ್ಕರ್ ಕೂಗೋವಾಗ್ಲೇ ಶುರು ಮಾಡ್ತೀರಿ, ಏನು ಕೇಳ್ಸುತ್ತೆ?" ಎಂದ ಆಕೆ ಅವತ್ತು ಕಚೇರಿಗೆ ರಜೆ ಹಾಕಿದಳು. ಆಮೇಲೆ ಎದುರುಮನೆ ಅಜ್ಜಿಗೆ ಮಾತ್ರ ಗುಟ್ಟಾಗಿ ವಿಷಯ ತಿಳಿಸಿದಳು. ಅಜ್ಜಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಆ ಗುಟ್ಟು ನೆಲಮಹಡಿಯವರೆಗೂ ಕೇಳಿಸಿತು.

ಹತ್ತು ನಿಮಿಷದಲ್ಲಿ ಕಟ್ಟಡದ ಸೆಕ್ರೆಟರಿ ಹಾಜರಾದರು. ಲಿಫ್ಟು, ನೀರಿನ ಮೋಟಾರು, ಮೆಟ್ಟಿಲ ದೀಪ, ಎಲ್ಲ ಮನೆಗಳೂ ಹಂಚಿಕೊಂಡು ಬಳಸುವ ಒಂದೇ ಒಂದು ಇಂಟರ್‌ನೆಟ್ ಪೆಟ್ಟಿಗೆ, ಎಲ್ಲಕ್ಕೂ ಅವರೇ ಯಜಮಾನರು. ಪೆಟ್ಟಿಗೆ ಇದ್ದದ್ದು ಮೂರನೇ ಮಹಡಿಯ ಅವರ ನಡುಮನೆಯಲ್ಲಿ. ಪಾಸ್‌ವರ್ಡ್ ಯಾರೂ ಮರೆಯದಿರಲಿ ಅಂತ ಮೆಟ್ಟಿಲ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದರು.

"ಮೇಷ್ಟ್ರೇ, ಇದು ನಿಮ್ಮೊಬ್ಬರ ಮಾನದ ಪ್ರಶ್ನೆ ಅಲ್ಲ, ಇಡೀ ಕಟ್ಟಡದ್ದು. ಏನು ಬೇಕು ಹೇಳಿ, ಮಾಡೋಣ."

"ನನಗೆ ಬೇಕಾಗಿರೋದು ಐದು ನಿಮಿಷ ಸದ್ದಿಲ್ಲದ ಜಾಗ," ಎಂದರು ಮೇಷ್ಟ್ರು.

ಸೆಕ್ರೆಟರಿ ಮುಖ ಸಪ್ಪೆಯಾಯಿತು. ಈ ಕಟ್ಟಡದಲ್ಲಿ ಚಂದ್ರನನ್ನು ಬೇಕಾದರೂ ತಂದುಕೊಡಬಹುದು, ಸದ್ದಿಲ್ಲದ ಜಾಗ ಎಲ್ಲಿಂದ ತರುವುದು? ಮೇಷ್ಟ್ರ ಮನೆಯ ಕೆಳಗೇ ವೆಲ್ಡಿಂಗ್ ಅಂಗಡಿ. ಅದರ ಯಜಮಾನ ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣ ಕೊಯ್ಯುತ್ತಿದ್ದ. ಎದುರುಮನೆಯಲ್ಲಿ ಅಜ್ಜಿಯ ನಾಯಿ, ಅದರ ಹೆಸರು ಮಂತ್ರಿ. ಲಿಫ್ಟಿನ ಗಂಟೆ ಆದರೆ ಸಾಕು, ಮಂತ್ರಿ ಭಾಷಣ ಶುರು ಮಾಡುತ್ತಿತ್ತು.

ಮೇಷ್ಟ್ರು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಕಟ್ಟಡದ ನಕ್ಷೆ ಬರೆದು, ಶತ್ರು ಎಲ್ಲೆಲ್ಲಿ ಇದ್ದಾನೆ ಅಂತ ಕೆಂಪು ಗುರುತು ಹಾಕಿದರು. ಮುಖದಲ್ಲಿ ಒಂದು ಕಳೆ ಬಂದಿತ್ತು. "ಸೆಕ್ರೆಟರಿಗಳೇ, ಟೀವಿಲಿ ವಾದ ಮಾಡೋದು ಆಮೇಲಿನ ಮಾತು. ಹಳೇ ನೀತಿ ಇವತ್ತಿಗೂ ನಡೆಯುತ್ತೆ ಅನ್ನೋದನ್ನ ಇಲ್ಲೇ ತೋರಿಸಿಕೊಡ್ತೀನಿ. ಮೊದಲನೇ ಪಾಠ, ಎತ್ತರದ ಜಾಗ ಹಿಡಿಯೋದು. ತಾರಸಿ ಮೇಲಿನ ಕೋಣೆ ಬೀಗದ ಕೈ ಕೊಡಿ."

ಸರಿ, ಮೇಜು ಹೋಯಿತು, ಕುರ್ಚಿ ಹೋಯಿತು. ಟೀವಿಯಲ್ಲಿ ಹಿಂದೆ ಪುಸ್ತಕ ಕಾಣದಿದ್ದರೆ ಯಾರೂ ಪಂಡಿತ ಅನ್ನುವುದಿಲ್ಲ ಎಂದು ಸೆಕ್ರೆಟರಿ ಹಟ ಹಿಡಿದದ್ದರಿಂದ ಪುಸ್ತಕದ ಕಪಾಟೂ ಹೋಯಿತು. ಅದು ಲಿಫ್ಟಿನೊಳಗೆ ಸೆಕ್ರೆಟರಿಯ ಕಾಲಿನ ಮೇಲೆ ಒಮ್ಮೆ ಕೂತು ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಎತ್ತರದ ಜಾಗ ವಶವಾಯಿತು.

ಆದರೆ ಎತ್ತರದ ಜಾಗದ ಮೇಲೆ ತಗಡಿನ ಸೂರಿತ್ತು. ಮೇಷ್ಟ್ರು ಕೋಟು ಹಾಕಿಕೊಂಡು ಕೂತ ಸ್ವಲ್ಪ ಹೊತ್ತಿಗೇ ಬೆವರು ಕಿತ್ತುಕೊಂಡು ಬಂತು. ಸೂರಿನ ಕೆಳಗೆ ಮೊದಲೇ ಬೀಡುಬಿಟ್ಟಿದ್ದ ಪಾರಿವಾಳಗಳು ಈ ಆಕ್ರಮಣವನ್ನು ಸಹಿಸಲಿಲ್ಲ. ಮೇಷ್ಟ್ರ ಎಡ ಹೆಗಲಿನ ಮೇಲೆ ಅವುಗಳ ಉತ್ತರ ಬಂದು ಬಿತ್ತು.

"ಇದಕ್ಕೆ ನಿಮ್ಮ ಶಾಸ್ತ್ರ ಏನನ್ನುತ್ತೆ?" ಎಂದಳು ಹೆಂಡತಿ, ಒದ್ದೆ ಬಟ್ಟೆಯಿಂದ ಕೋಟು ಒರೆಸುತ್ತ.

"ಸಕಾಲದಲ್ಲಿ ಹಿಂದೆ ಸರಿಯೋದೂ ಒಂದು ವಿದ್ಯೆ ಅನ್ನುತ್ತೆ," ಎಂದ ಮೇಷ್ಟ್ರು ಮೇಜು ಕುರ್ಚಿ ಹೊರಿಸಿಕೊಂಡು ಕೆಳಗಿಳಿದರು. ಕಪಾಟನ್ನು ಲಿಫ್ಟಿನಲ್ಲಿ ಇಳಿಸುವ ಹೊಣೆ ಮತ್ತೆ ಸೆಕ್ರೆಟರಿಯ ಪಾಲಿಗೆ ಬಂತು.

ಈಗ ಮನೆಯಲ್ಲೇ ಕೂರಬೇಕು ಅಂದರೆ ವೆಲ್ಡಿಂಗ್ ಯಜಮಾನನನ್ನು ಸುಮ್ಮನಾಗಿಸಬೇಕು. ಹೋಗಿ ಕೇಳಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಎರಡನೇ ಪಾಠದಲ್ಲಿ ಕೇಳಿಕೊಳ್ಳುವ ಮಾತೇ ಇರಲಿಲ್ಲ. ಶತ್ರುವಿಗೆ ಸುಳ್ಳು ಸುದ್ದಿ ಮುಟ್ಟಿಸು, ಅವನು ತಾನಾಗಿ ಜಾಗ ಬಿಡುತ್ತಾನೆ ಅನ್ನುವುದು ಆ ಪಾಠ. ಮೇಷ್ಟ್ರು ಅಂಗಡಿ ಮುಂದೆ ಸುಮ್ಮನೆ ಹಾದುಹೋಗುವವರಂತೆ ಹೋದರು.

"ಏನಪ್ಪಾ, ಕೆಲಸ ಜೋರಾ? ಸಂಜೆ ಆರು ಗಂಟೆಗೆ ಕರೆಂಟ್ ಆಫೀಸಿನವರು ತಪಾಸಣೆಗೆ ಬರ್ತಾರಂತಲ್ಲ. ಯಾರೋ ಅಂತಿದ್ರು."

ಯಜಮಾನನ ಮುಖದ ಬಣ್ಣ ಇಳಿಯಿತು. ಮೇಷ್ಟ್ರು ಮೀಸೆಯಡಿಯಲ್ಲೇ ನಕ್ಕು ಮೆಟ್ಟಿಲು ಹತ್ತಿದರು. ಅವರಿಗೆ ತಿಳಿಯದ ಸಂಗತಿ ಏನೆಂದರೆ, ಯಜಮಾನ ಅರ್ಜೆಂಟ್ ಕೆಲಸ ಇದ್ದಾಗ ಕಟ್ಟಡದ ಮೀಟರಿನಿಂದ ಒಂದು ವೈರು ಎಳೆದುಕೊಳ್ಳುತ್ತಿದ್ದ. ಸಂಜೆಯವರೆಗೂ ಕಾಯುವುದು ಯಾಕೆ ಅಂತ ಅವನು ಆಗಲೇ ಹೋಗಿ ಆ ವೈರನ್ನು ಕಿತ್ತ. ಢಂ ಅಂತ ಒಂದು ಸದ್ದಾಯಿತು. ಮೇಷ್ಟ್ರ ಫ್ಯಾನು ನಿಂತಿತು, ಎಲ್ಲರ ಮನೆ ಫ್ಯಾನೂ ನಿಂತಿತು. ಎರಡು ಮಹಡಿಗಳ ನಡುವೆ ಲಿಫ್ಟೂ ನಿಂತಿತು.

"ಅಯ್ಯೋ! ಯಾರಿದೀರಪ್ಪಾ! ನಾನಿಲ್ಲಿ ಕಪಾಟಿನ ಜೊತೆ ಇದೀನಿ!" ಎಂದು ಗೋಡೆಯೊಳಗಿಂದ ಸೆಕ್ರೆಟರಿಯ ಕೂಗು ಬಂತು. ಆ ಕೂಗಿಗೆ ಮಂತ್ರಿಯೂ ದನಿಗೂಡಿಸಿತು.

ಕರೆಂಟಿಲ್ಲ ಅಂದರೆ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಇಲ್ಲ ಅಂದರೆ ಚರ್ಚೆ ಇಲ್ಲ, ಚರ್ಚೆ ಇಲ್ಲ ಅಂದರೆ ಮುಂದಿನ ವರ್ಷ ಬ್ಯಾಟರಿ. ಮೇಷ್ಟ್ರು ಅಂಗಡಿಯಲ್ಲಿ ಹೇಳಿಬಂದ ಸುಳ್ಳನ್ನು ಹೆಂಡತಿಯ ಮುಂದೆ ಬಾಯಿಬಿಟ್ಟರು. ಹೆಂಡತಿ ಅವರ ಮುಖ ನೋಡಿ, "ನಡೀರಿ, ಹೋಗಿ ನಿಜ ಹೇಳಿ," ಎಂದು ತೋಳು ಹಿಡಿದು ಕೆಳಗೆ ಕರೆದುಕೊಂಡು ಹೋದಳು. ಮೇಷ್ಟ್ರು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡರು.

ಯಜಮಾನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟ. "ಏನು ಮೇಷ್ಟ್ರೇ ನೀವು! ಟೀವಿಲಿ ಬರ್ತಿದೀನಿ, ಸ್ವಲ್ಪ ಹೊತ್ತು ಮೆಷಿನ್ ನಿಲ್ಸಪ್ಪಾ ಅಂತ ಒಂದು ಮಾತು ಹೇಳಿದ್ರೆ ನಾನು ಬೇಡ ಅಂತಿದ್ನಾ? ನನ್ನನ್ನ ಶತ್ರು ಮಾಡ್ಬಿಟ್ರಲ್ಲ! ನನ್ನ ಎದೆ ಬಡ್ಕೊಂಡಿದ್ದು ಇನ್ನೂ ನಿಂತಿಲ್ಲ."

"ತಪ್ಪಾಯ್ತಪ್ಪಾ. ನೀತಿ ಸರಿಯಾಗೇ ಇತ್ತು. ಬಳಸಿದ ಜಾಗ ತಪ್ಪು."

"ಅದೆಲ್ಲ ನಂಗೆ ಗೊತ್ತಾಗಲ್ಲ. ಟೀವಿಲಿ ನನ್ನ ಅಂಗಡಿ ಹೆಸರು ಒಂದ್ಸಲ ಹೇಳ್ಬೇಕು. ಹಾಗಾದ್ರೆ ಕರೆಂಟೂ ಸರಿ ಮಾಡ್ತೀನಿ, ಆರು ಗಂಟೆಗೆ ಒಂದು ಮೊಳೆ ಬಿದ್ದ ಸದ್ದೂ ಬರದ ಹಾಗೆ ನೋಡ್ಕೋತೀನಿ."

ಒಪ್ಪಂದ ಆಯಿತು. ಮೇಷ್ಟ್ರು ಹಾಗೇ ಅಜ್ಜಿಯ ಬಾಗಿಲು ಬಡಿದರು. ಅಜ್ಜಿ ಮೊದಲೇ ಷರತ್ತು ತಯಾರು ಮಾಡಿಕೊಂಡಿದ್ದರು.

"ಮಂತ್ರಿನ ನಾನು ತೊಡೆ ಮೇಲೆ ಕೂರಿಸ್ಕೊಂಡು ಬಿಸ್ಕತ್ತು ತಿನ್ನಿಸ್ತಾ ಇರ್ತೀನಿ ಮಗಾ. ಬಾಯಿ ತುಂಬಿದ್ರೆ ಅದು ಬೊಗಳಲ್ಲ. ಆದ್ರೆ ಟೀವಿಲಿ ಅದರ ಹೆಸರು ಹೇಳ್ಬೇಕು."

"ಯುದ್ಧದ ಚರ್ಚೆಲಿ ನಾಯಿ ಹೆಸರು ಹೇಗೆ ತರಲಿ ಅಜ್ಜಿ?"

"ಮಂತ್ರಿ ಇಲ್ಲದ ಯುದ್ಧ ಯಾವುದಪ್ಪಾ?" ಎಂದರು ಅಜ್ಜಿ. ಮೇಷ್ಟ್ರು ಆ ಒಪ್ಪಂದಕ್ಕೂ ತಲೆಯಾಡಿಸಿದರು.

ಕರೆಂಟು ಬಂದು ಲಿಫ್ಟು ಇಳಿದಾಗ ಸೆಕ್ರೆಟರಿ ಒಂದು ದಪ್ಪ ಪುಸ್ತಕ ಹಿಡಿದುಕೊಂಡೇ ಈಚೆಗೆ ಬಂದರು. ಸಿಟ್ಟಾಗಿರಬಹುದು ಅಂತ ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಸೆಕ್ರೆಟರಿಯ ಕಣ್ಣಲ್ಲಿ ನೀರಿತ್ತು.

"ಮೇಷ್ಟ್ರೇ, ಮೊಬೈಲ್ ಬೆಳಕಲ್ಲಿ ಓದ್ದೆ. ಕೋಟೆಗೆ ಮುತ್ತಿಗೆ ಹಾಕೋ ಅಧ್ಯಾಯ. ಒಳಗೆ ಸಿಕ್ಕಿಹಾಕ್ಕೊಂಡವನಿಗೆ ಹಸಿವಿಗಿಂತ ಮೊದಲು ಹೊರಗಿನವರ ಮೇಲೆ ಅನುಮಾನ ಶುರುವಾಗುತ್ತೆ ಅಂತ ಬರೆದಿದಾರಲ್ಲ, ಎಷ್ಟು ನಿಜ! ನೀವೆಲ್ಲ ನನ್ನನ್ನ ಮರೆತೇಬಿಟ್ರಿ ಅನ್ಕೊಂಡಿದ್ದೆ. ಈ ವಿದ್ಯೆ ಹಳೇದಾಯ್ತು ಅನ್ನೋನು ಒಂದ್ಸಲ ನಮ್ಮ ಲಿಫ್ಟಲ್ಲಿ ಕೂತು ನೋಡ್ಲಿ!"

ಮೇಷ್ಟ್ರಿಗೆ ಎದೆ ಉಬ್ಬಿತು. ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ಕೊನೆಗೂ ಒಬ್ಬ ಶಿಷ್ಯ ಸಿಕ್ಕಿದ್ದ, ಅದೂ ಕಟ್ಟಡದ ಸೆಕ್ರೆಟರಿ.

ಆರು ಗಂಟೆ ಹತ್ತಿರವಾದಂತೆ ನಮ್ಮ ಕಟ್ಟಡದಲ್ಲಿ ಎಂದೂ ಆಗದ್ದು ಆಯಿತು. ಕೆಳಗೆ ಯಜಮಾನ ಷಟರ್ ಎಳೆದು, ಕೆಲಸಗಾರರನ್ನೆಲ್ಲ ಕಳಿಸಿ, ಗೇಟಿನಲ್ಲಿ ನಿಂತ. ಹಳೇ ಪೇಪರ್ ಕೊಳ್ಳುವವನು ಕೂಗಲು ಬಾಯಿ ತೆರೆದದ್ದೇ ತಡ, ಅವನ ಬಾಯಿಗೆ ಕೈ ಅಡ್ಡ ಹಿಡಿದು ಪಕ್ಕದ ಬೀದಿಗೆ ಸಾಗಹಾಕಿದ. ಸೆಕ್ರೆಟರಿ ಲಿಫ್ಟಿಗೂ ನೀರಿನ ಮೋಟಾರಿಗೂ ಬೀಗ ಜಡಿದರು. ಯಾವ ಮನೆಯಲ್ಲೂ ಮಿಕ್ಸಿ ತಿರುಗಲಿಲ್ಲ, ಕುಕ್ಕರ್ ಕೂಗಲಿಲ್ಲ. ಹೆಂಡತಿ ಮೇಷ್ಟ್ರ ಕೋಟಿನ ಕಾಲರು ಸರಿಮಾಡಿ, "ಹೆದರ್ಬೇಡಿ, ಬೆಳಿಗ್ಗೆ ಕನ್ನಡಿಗೆ ಹೇಳಿದ ಹಾಗೇ ಹೇಳಿ," ಎಂದು ಹೊರಗಿನಿಂದ ಬಾಗಿಲೆಳೆದುಕೊಂಡಳು. ಆ ನಿಶ್ಶಬ್ದದಲ್ಲಿ ಮೇಷ್ಟ್ರಿಗೆ ತಮ್ಮ ಕೈಗಡಿಯಾರದ ಸದ್ದು ಕೇಳಿಸಿತು. ನನಗಾಗಿ ಇಷ್ಟು ಜನ ಉಸಿರು ಬಿಗಿಹಿಡಿದಿದ್ದಾರಲ್ಲ ಅಂದುಕೊಂಡು ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು.

ಲ್ಯಾಪ್‌ಟಾಪಿನ ಪರದೆಯಲ್ಲಿ ಕಾರ್ಯಕ್ರಮದ ಹುಡುಗಿ ಕಂಡಳು. ಪಕ್ಕದ ಚೌಕದಲ್ಲಿ ರಿಟೈರ್ಡ್ ಆಫೀಸರ್. ಮೀಸೆಯೇ ಒಂದು ಚೌಕ ತುಂಬುವಷ್ಟಿತ್ತು.

"ಹಳೇ ಪುಸ್ತಕ ಇಟ್ಕೊಂಡು ಇವತ್ತು ಯಾರಾದ್ರೂ ಯುದ್ಧ ಮಾಡ್ತಾರೇನ್ರೀ?" ಎಂದು ಆಫೀಸರ್ ಗುಡುಗಿದರು. "ಆಗ ಎರಡು ಸೈನ್ಯ ಎದುರುಬದುರು ನಿಲ್ತಿದ್ವು. ಈಗ ಗಡಿ ಎಲ್ಲಿದೆ? ಶತ್ರು ಸಾವಿರ ಮೈಲಿ ಆಚೆ ಕೂತು ಗುಂಡಿ ಒತ್ತುತ್ತಾನೆ. ಉಪಗ್ರಹ ಎಲ್ಲ ನೋಡುತ್ತೆ, ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಆ ಪುಸ್ತಕಗಳನ್ನ ಮ್ಯೂಸಿಯಮ್ಮಿಗೆ ಕೊಟ್ಟು ಕೈ ತೊಳ್ಕೊಳ್ಳಿ!"

"ಮೇಷ್ಟ್ರೇ, ಇದಕ್ಕೆ ನೀವು ಏನಂತೀರಿ?" ಎಂದಳು ಹುಡುಗಿ.

ಬಂತು ಆ ಗಳಿಗೆ. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿದರು. ಒಂದು ಹುಬ್ಬು ಮೇಲೇರಿತು. ಪಾಠ ಶುರು ಮಾಡುವ ಮುಂಚೆ ಅವರ ತುಟಿಯಲ್ಲಿ ಯಾವಾಗಲೂ ಬರುವ ಸಣ್ಣ ನಗೆ ಬಂತು. "ಆಯುಧ ಬದಲಾಗಿದೆ ಸ್ವಾಮೀ," ಎಂದರು.

ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಹುಡುಗಿಯೂ ಮೀಸೆಯೂ ಇದ್ದಲ್ಲೇ ಕಲ್ಲಾಗಿದ್ದವು.

ಮೇಷ್ಟ್ರು ಒಂದು ಗುಂಡಿ ಒತ್ತಿದರು, ಎಲ್ಲ ಗುಂಡಿಗಳನ್ನೂ ಒತ್ತಿದರು, ಲ್ಯಾಪ್‌ಟಾಪಿನ ಬೆನ್ನು ತಟ್ಟಿದರು. ಚಕ್ರ ತಿರುಗುತ್ತಲೇ ಇತ್ತು. ಓಡಿ ಹೋಗಿ ಬಾಗಿಲು ತೆರೆದರು.

ಮೆಟ್ಟಿಲ ಮೇಲೆ ಇಡೀ ಕಟ್ಟಡ ಕೂತಿತ್ತು. ಅಜ್ಜಿ, ಅಜ್ಜಿಯ ತೊಡೆಯ ಮೇಲೆ ಬಾಯಿ ತುಂಬ ಬಿಸ್ಕತ್ತಿನ ಮಂತ್ರಿ, ಗೇಟು ಬಿಟ್ಟು ಬಂದಿದ್ದ ಯಜಮಾನ, ಮೂರೂ ಮಹಡಿಯ ಗಂಡಸರು, ಹೆಂಗಸರು, ಸ್ವಂತ ಹೆಂಡತಿ. ಒಬ್ಬರೂ ತುಟಿ ಪಿಟಕ್ ಅನ್ನುತ್ತಿರಲಿಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋನು. ತಮ್ಮ ಮೇಷ್ಟ್ರನ್ನು ಕಣ್ತುಂಬ ನೋಡಬೇಕು ಅಂತ ಎಲ್ಲರೂ ಅದೇ ಹೊತ್ತಿಗೆ, ಅದೇ ಒಂದು ಪೆಟ್ಟಿಗೆಯ ಇಂಟರ್‌ನೆಟ್ಟಿಗೆ, ಗೋಡೆಯ ಮೇಲಿನ ಅದೇ ಪಾಸ್‌ವರ್ಡ್ ಹಾಕಿಕೊಂಡು ಕೂತಿದ್ದರು. ಎಲ್ಲರ ಫೋನಿನಲ್ಲೂ ಚಕ್ರ ತಿರುಗುತ್ತಿತ್ತು.

ಮೇಷ್ಟ್ರಿಗೆ ಒಂದೇ ಏಟಿಗೆ ಎಲ್ಲ ಅರ್ಥವಾಯಿತು. ಶತ್ರು ಏನೂ ಮಾಡಿರಲಿಲ್ಲ. ಸ್ವಂತ ಸೈನ್ಯವೇ ಪ್ರೀತಿಯಿಂದ ಸರಬರಾಜಿನ ದಾರಿಯನ್ನು ತಿಂದು ಮುಗಿಸಿತ್ತು. ಕೂಗೋಣವೆಂದರೆ ಟೀವಿಯಲ್ಲಿ ಕೇಳಿಸಿಬಿಟ್ಟರೆ? ಫೋನ್ ಆರಿಸಿ, ಫೋನ್ ಆರಿಸಿ ಅಂತ ಎರಡೂ ಕೈಯಲ್ಲಿ ಸನ್ನೆ ಮಾಡಿದರು. ಮೇಷ್ಟ್ರು ಖುಷಿಯಲ್ಲಿ ಕೈಬೀಸುತ್ತಿದ್ದಾರೆ ಅಂದುಕೊಂಡು ಎಲ್ಲರೂ ತಿರುಗಿ ಕೈಬೀಸಿದರು. ಅಷ್ಟರಲ್ಲಿ ಮೇಲಿನಿಂದ ಸೆಕ್ರೆಟರಿ ಇಣುಕಿ, ನಮ್ಮನೆ ಡಿಶ್ ಟೀವಿಯಲ್ಲಿ ಬರುತ್ತಿದೆ, ಬನ್ನಿ ಬನ್ನಿ ಅಂತ ಬೆರಳಾಡಿಸಿದರು. ಸೈನ್ಯ ತುದಿಗಾಲಿನಲ್ಲಿ ಮೂರನೇ ಮಹಡಿಗೆ ನುಗ್ಗಿತು.

ಮೇಷ್ಟ್ರು ಒಳಗೆ ಬಂದು ಮತ್ತೆ ಲ್ಯಾಪ್‌ಟಾಪ್ ತಟ್ಟಿದರು. ಅದು ಒಮ್ಮೆ ಮಿನುಗಿ ಪೂರ್ತಿ ಕಪ್ಪಾಯಿತು. ಚಾನೆಲ್ಲಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಐದು ನಿಮಿಷ ಕಳೆಯಿತು, ಹತ್ತು ನಿಮಿಷ ಕಳೆಯಿತು. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಇಡೀ ಜೀವನದಲ್ಲಿ ಒಂದು ಸಲ ಜನ ತನ್ನ ಮಾತು ಕೇಳಲು ಕೂತಿದ್ದರು. ಅದೂ ಕೈತಪ್ಪಿ ಹೋಯಿತಲ್ಲ ಅಂತ ಅವರಿಗೆ ಅಳು ಬಂದದ್ದು ನಿಜ.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಾಗಿಲು ತೆರೆದುಕೊಂಡು ಇಡೀ ಕಟ್ಟಡ ಒಳಗೆ ನುಗ್ಗಿತು. ಬೈಯಲು ಬಂದರು ಅಂತ ಮೇಷ್ಟ್ರು ಕಂಬಳಿ ಎಳೆದುಕೊಂಡರು. ಯಜಮಾನ ಕಂಬಳಿ ಸಮೇತ ಅವರನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

"ಎಂಥ ಏಟು ಕೊಟ್ರಿ ಮೇಷ್ಟ್ರೇ! ಅಬ್ಬಬ್ಬಾ! ಒಂದು ಮಾತಿಲ್ಲ ಕತೆಯಿಲ್ಲ!"

"ಏನಾಯ್ತು?" ಎಂದರು ಮೇಷ್ಟ್ರು, ಸೂರಿಗೆ ತಲೆ ತಾಗದಂತೆ ಬಗ್ಗಿಕೊಂಡು.

"ಏನಾಯ್ತು ಅಂತ ನಮ್ಮನ್ನ ಕೇಳ್ತಾರೆ, ನೋಡಿ!" ಎಂದರು ಸೆಕ್ರೆಟರಿ. "ಆ ಹುಡುಗಿ ಪ್ರಶ್ನೆ ಕೇಳಿದ್ಲು. ನೀವು ಒಂದು ಹುಬ್ಬು ಏರಿಸಿ, ಸಣ್ಣಗೆ ನಕ್ಕು, ಆಫೀಸರ್‌ನ ನೋಡ್ತಾ ಕೂತುಬಿಟ್ರಿ. ಕಣ್ಣು ಮಿಟುಕಿಸಲಿಲ್ಲ! 'ಯಾಕ್ರೀ ನಗ್ತೀರಿ?' ಅಂದ ಆಫೀಸರ್. ನೀವು ಸುಮ್ಮನೆ. 'ನಾನು ಹೇಳಿದ್ದರಲ್ಲಿ ಏನ್ರೀ ತಪ್ಪು?' ಅಂದ. ನೀವು ಅದೇ ನಗು."

"ಆಮೇಲೆ ಬೆವರೋಕೆ ಶುರು ಮಾಡ್ದ," ಎಂದ ಯಜಮಾನ. "'ಗೊತ್ತು, ನೀವು ಏನು ಹೇಳ್ತೀರಿ ಅಂತ ಗೊತ್ತು! ಗುಂಡಿ ಒತ್ತೋನೂ ಮನುಷ್ಯನೇ ಅಂತೀರಿ. ಅವನಿಗೂ ಭಯ ಇದೆ, ನಿದ್ದೆ ಬರುತ್ತೆ ಅಂತೀರಿ. ಸರಿ, ಇದೆ!' ಅಂದ. ನೀವು ಹಂದಾಡಲಿಲ್ಲ."

"'ಎಂಥ ಯಂತ್ರ ಇದ್ರೂ ಊಟ ತಲುಪದೆ, ಎಣ್ಣೆ ತಲುಪದೆ ನಾವೇ ಒಂದ್ಸಲ ಹಿಂದೆ ಬಂದಿದ್ವಿ, ಅದೂ ನಿಮಗೆ ಗೊತ್ತಾ?' ಅಂತ ಕಣ್ಣೀರು ಹಾಕ್ಬಿಟ್ಟ ಪಾಪ," ಎಂದರು ಅಜ್ಜಿ. "ಕೊನೆಗೆ ಎದ್ದು ನಿಂತು ನಿನಗೆ ಸೆಲ್ಯೂಟ್ ಹೊಡೆದ ಮಗಾ. 'ಒಪ್ಕೊಂಡೆ, ಹಳಬರು ಹೇಳಿದ್ದು ಇವತ್ತಿಗೂ ಸತ್ಯ' ಅಂದ. ಮಂತ್ರಿ ಹೆಸರು ಹೇಳ್ಲಿಲ್ಲ ನೀನು, ಹೋಗ್ಲಿ ಬಿಡು."

ಮೇಷ್ಟ್ರ ತಲೆ ಗಿರ್ರೆಂದಿತು. ಬೆಳಿಗ್ಗೆ ಕನ್ನಡಿಯ ಮುಂದೆ ಹೇಳಿದ ಮಾತುಗಳನ್ನೆಲ್ಲ ಎದುರಾಳಿಯೇ ಒಂದೊಂದಾಗಿ ಹೇಳಿ ಸೋತಿದ್ದ. "ಅಲ್ಲಪ್ಪಾ, ಅದು ನಾನಲ್ಲ, ನೆಟ್ಟು ನಿಂತು ನನ್ನ ಚಿತ್ರ," ಎಂದು ಶುರು ಮಾಡಿದರು. ಹೆಂಡತಿ ಕೆಳಗಿನಿಂದ ಅವರ ಪಾದ ಚಿವುಟಿದಳು.

"ಸುಮ್ನಿರ್ರೀ. ನನಗೂ ಗೊತ್ತು," ಎಂದು ಪಿಸುಗುಟ್ಟಿದಳು. "ಆದ್ರೆ ಹುಬ್ಬು ನಿಮ್ಮದೇ ತಾನೆ? ನಗೂನೂ ನಿಮ್ಮದೇ ತಾನೆ?" ಆಕೆಯ ಮುಖ ಹೆಮ್ಮೆಯಿಂದ ಬೆಳಗುತ್ತಿತ್ತು. ಮದುವೆಯಾದಾಗಿನಿಂದ ಆ ಮುಖವನ್ನು ಅಷ್ಟು ಚೆಂದ ಕಂಡಿರಲಿಲ್ಲ ಮೇಷ್ಟ್ರು. ಹೌದಲ್ಲ, ಎನ್ನಿಸಿತು. ಯಾರ ಬಾಯಿಂದ ಬಂದರೇನು, ಸತ್ಯ ಗೆದ್ದಿತಲ್ಲ! ಯಜಮಾನನ ಹೆಗಲ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು.

ಆಗ ಫೋನು ಬಡಿದುಕೊಂಡಿತು. ಪ್ರಿನ್ಸಿಪಾಲರು. ಎಲ್ಲರಿಗೂ ಕೇಳಿಸಲಿ ಅಂತ ಸೆಕ್ರೆಟರಿ ಸ್ಪೀಕರ್ ಹಾಕಿದರು.

"ಮೇಷ್ಟ್ರೇ! ಏನು ಗೆಲುವು ರೀ! ನಾನು ಮಾತಿಗೆ ತಪ್ಪೋನಲ್ಲ. ಯುದ್ಧಶಾಸ್ತ್ರ ಉಳೀತು. ಉಳಿಯೋದೇನು, ಡ್ರೋನ್ ಕೋರ್ಸನ್ನೇ ಕೈಬಿಟ್ಟೆ. ಈಗಾಗ್ಲೇ ಎಷ್ಟು ಹುಡುಗರು ಫೋನ್ ಮಾಡಿ ಸೇರ್ತೀವಿ ಅಂತಿದಾರೆ ಗೊತ್ತಾ? ದೊಡ್ಡ ಹಾಲ್‌ನಲ್ಲೇ ಕ್ಲಾಸ್!"

ಮನೆಯೊಳಗೆ ಚಪ್ಪಾಳೆ, ಶಿಳ್ಳೆ. ಮೇಷ್ಟ್ರ ಕಣ್ಣು ಮಂಜಾಯಿತು. ದೊಡ್ಡ ಹಾಲ್, ತುಂಬಿದ ಬೆಂಚುಗಳು, ಎದುರಿಗೆ ತಾನು. ಮೊದಲ ದಿನದ ಪಾಠ ಏನು ಅಂತ ಮನಸ್ಸಿನಲ್ಲೇ ಆರಿಸಿಕೊಂಡೂ ಆಯಿತು.

"ಪಾಠಕ್ಕೆ ಜನಾನೂ ಸಿಕ್ಕಿದಾರೆ," ಎಂದು ಪ್ರಿನ್ಸಿಪಾಲರು ಮುಂದುವರಿಸಿದರು. "ಆ ಆಫೀಸರ್ ಈಗಷ್ಟೇ ಫೋನ್ ಮಾಡಿದ್ರು. ಸೋತು ಕಣ್ಣು ತೆರೀತು, ಇನ್ನು ಮೇಲೆ ಹಳೇ ನೀತೀನೇ ಕಲಿಸ್ತೀನಿ, ಸಂಬಳಾನೂ ಬೇಡ ಅಂದ್ರು. ಟೀವಿಲಿ ಎಷ್ಟು ಚೆನ್ನಾಗಿ ಹೇಳಿದ್ರು ನೋಡಿ, ಆ ಊಟ, ನಿದ್ದೆ, ಭಯದ ಮಾತೆಲ್ಲ! ಹುಡುಗರು ಕೇಳ್ತಿರೋದೂ ಅವರನ್ನೇ."

"ಸಾರ್, ಹಾಗಾದ್ರೆ ನಾನು?"

"ನೀವು ಪರೀಕ್ಷಾ ಹಾಲ್‌ಗಳ ಮುಖ್ಯ ಮೇಲ್ವಿಚಾರಕರು! ನಾಳೆಯಿಂದಲೇ. ವ್ಹಾ, ಏನು ನೋಟ ರೀ ಅದು! ಕಾಪಿ ಹೊಡೆಯೋನ ಮುಂದೆ ನೀವು ಹಾಗೆ ಕೂತರೆ ಸಾಕು, ಅವನೇ ಎದ್ದು ಚೀಟಿ ತಂದುಕೊಡ್ತಾನೆ. ಆ ವಿದ್ಯೆನ ಪಾಠ ಮಾಡಿ ವ್ಯರ್ಥ ಮಾಡೋದು ಬೇಡ. ಏನಂತೀರಿ?"

ಹೇಳಬೇಕಾದದ್ದು ಎಷ್ಟೋ ಇತ್ತು. ಮೇಷ್ಟ್ರು ಬಾಯಿ ತೆರೆದರು. ಒಂದು ಅಕ್ಷರವೂ ಹೊರಬರಲಿಲ್ಲ. ಚಪ್ಪಾಳೆ ನಿಂತು, ಮನೆಯಲ್ಲಿ ಸದ್ದಡಗಿತು.

"ಹಾಂ, ಅದೇ! ಅದೇ ನಮಗೆ ಬೇಕಾದ್ದು!" ಎಂದರು ಪ್ರಿನ್ಸಿಪಾಲರು ಸಂತೋಷದಿಂದ, ಮತ್ತು ಫೋನ್ ಇಟ್ಟರು.